ಏಳನೇ ನಂಬರಿನ ಬಾವಿ

"ಸಹಿ ಹಾಕೋದೊಂದು ಬಾಕಿ ಇದೆ, ಅಣ್ಣ. ನೀನು ಹೂಂ ಅಂದ್ರೆ ಇವತ್ತೇ ಅಂಚೆಗೆ ಹಾಕ್ತೀನಿ," ಎನ್ನುತ್ತ ಆರ್ಡಿತ್ ಪಿಕಪ್ಪಿನ ಕಿಟಕಿಯೊಳಗೆ ಕಾಗದ ತೂರಿಸಿದಳು.

ವರ್ಲಿನ್ ಎಂಜಿನ್ ಆರಿಸಲಿಲ್ಲ. ಮೂವತ್ತೊಂದು ವರ್ಷ ಕ್ಯಾನ್ಸಾಸ್ ಬಯಲಿನ ಗ್ಯಾಸ್ ಬಾವಿಗಳನ್ನು ನೋಡಿಕೊಂಡವನು ಅವನು. ನಿವೃತ್ತನಾದ ಮೇಲೂ ಶನಿವಾರ ರಜೆಯಲ್ಲಿರುವವರ ಬದಲಿಗೆ ಅವನೇ ಸುತ್ತು ಹೊಡೆಯುತ್ತಿದ್ದ. ತಂಗಿಯ ಕೈಯಲ್ಲಿದ್ದದ್ದು ಆ ಬಾವಿಗಳ ರಾಯಧನ ಹಂಚುವ ಟ್ರಸ್ಟಿನ ಯೂನಿಟ್ ಕೊಳ್ಳುವ ಅರ್ಜಿ. ಟ್ರಸ್ಟು ಹೊಸ ಬಾವಿ ಕೊರೆಯುವುದಿಲ್ಲ, ಕೊಳ್ಳುವುದೂ ಇಲ್ಲ. ಇರುವ ಬಾವಿಗಳಿಂದ ಬಂದ ಪಾಲನ್ನು ತಿಂಗಳು ತಿಂಗಳು ಹಂಚುವುದಷ್ಟೇ ಅದರ ಕಸುಬು. ಈ ಸಲದ ಚಳಿಗೆ ದೇಶದ ದಾಸ್ತಾನು ಬರಿದಾಗಿ, ಉಳಿದದ್ದು ಹಡಗು ಹತ್ತಿ ಹೊರದೇಶಕ್ಕೆ ಹೋಗಿ, ಗ್ಯಾಸಿನ ಬೆಲೆ ಏರಿದ ಮೇಲೆ ತಿಂಗಳ ಪಾಲಿನ ಆ ಚೆಕ್ಕು ಎರಡರಷ್ಟಾಗಿತ್ತು.

ಆರ್ಡಿತ್ ನಲವತ್ತು ವರ್ಷ ನಡೆಸಿದ ಬ್ಯೂಟಿ ಪಾರ್ಲರನ್ನು ಮೊನ್ನೆಯಷ್ಟೇ ಮಾರಿದ್ದಳು. ಗಂಡ ಹೋಗಿ ಆರು ವರ್ಷ, ಪಿಂಚಣಿ ಅಷ್ಟಕ್ಕಷ್ಟೆ. ಇನ್ನು ಬದುಕಿರುವಷ್ಟು ದಿನಕ್ಕೂ ಇದ್ದದ್ದು ಆ ಒಂದೇ ಗಂಟು.

"ಎಲ್ಲಾ ಹಾಕ್ತೀಯಾ?"

"ಇನ್ನೇನು, ಅರ್ಧ ಉಪ್ಪಿನಕಾಯಿ ಹಾಕಿಡ್ಲಾ? ನೀನೇ ತಾನೆ ವರ್ಷಗಟ್ಟಲೆ ಕೊಚ್ಚಿಕೊಂಡಿದ್ದು, ನನ್ನ ಬಾವಿಗಳು, ನನ್ನ ಬಾವಿಗಳು ಅಂತ."

ಅದು ಸುಳ್ಳಲ್ಲ. ಬೆಳಗ್ಗೆ ಆರಕ್ಕೆ ಧಾನ್ಯದ ಸೊಸೈಟಿಯಲ್ಲಿ ಕಾಫಿಗೆ ಸೇರುವ ಮುದುಕರ ಮುಂದೆ ಅವನು ಕೊಚ್ಚಿಕೊಳ್ಳುವುದನ್ನು ಕೇಳಿದರೆ, ಅಷ್ಟೂ ಬಾವಿಗಳನ್ನು ಅವನೇ ಹೆತ್ತು ಸಾಕಿದ ಹಾಗಿರುತ್ತಿತ್ತು. ಅವನ ಮಾತು ನಂಬಿ ಇಬ್ಬರು ಯೂನಿಟ್ ಕೊಂಡೂ ಇದ್ದರು. ಪೇಟೆಯವರಿಗೆ ಕಾಗದ ಗೊತ್ತು, ತನಗೆ ಬಾವಿಯೇ ಗೊತ್ತು ಎನ್ನುವುದು ಅವನ ಜಂಬ.

"ಗಾಡಿ ಹತ್ತು," ಎಂದ.

ಅಪರೂಪಕ್ಕೆ ಬಯಲಿನ ಗಾಳಿ ನಿಂತಿತ್ತು. ಏಳನೇ ನಂಬರಿನ ಬಾವಿ ಗೋಧಿ ಹೊಲದ ಮೂಲೆಯಲ್ಲಿ, ಹೊಸ ಬಣ್ಣ ಬಳಿದುಕೊಂಡು ನಿಂತಿತ್ತು. ಆರ್ಡಿತ್ ಅದನ್ನು ನೋಡಿದ್ದೇ ನಕ್ಕಳು.

"ನನ್ನ ಹ್ಯಾಟು ಹಾರಿಸಿದ್ದು ಇಲ್ಲೇ ಅಲ್ವಾ? ಅಮ್ಮನ ಕೈಲಿ ಬೈಸಿಕೊಂಡಿದ್ದು ನಾನು."

ವರ್ಲಿನ್ ಕೆಲಸಕ್ಕೆ ಸೇರಿದ ಹೊಸತು ಅದು. ಗ್ಯಾಸಿನ ಜೊತೆ ಬಾವಿಯಲ್ಲಿ ಸೇರುವ ನೀರನ್ನು ಊದಿ ಹೊರಹಾಕಲು ಮೇಲ್ಮುಖವಾಗಿ ಒಂದು ಕೊಳವೆ ಇರುತ್ತದೆ. ಹೊಸಬರೆಲ್ಲ ಅದರ ಬಾಯಿಗೆ ಹ್ಯಾಟು ಕವುಚಿ, ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ, ಮನೆಯವರಿಗೆ ತಮ್ಮ ಬಾವಿಯ ಜೋರು ತೋರಿಸುತ್ತಿದ್ದರು. ಹದಿನೆಂಟರ ಆರ್ಡಿತ್ ಕಿವಿ ಮುಚ್ಚಿಕೊಂಡು ಕಿರುಚಿದ್ದಳು, ಹ್ಯಾಟು ಹೊಲ ದಾಟಿ ಬಿದ್ದಿತ್ತು.

"ಹ್ಯಾಟು ಕೊಡು," ಎಂದ ವರ್ಲಿನ್.

"ಇದು ಹೊಸದು, ಅಣ್ಣ."

"ಕೊಡೆ."

ಅವನು ಹುಲ್ಲಿನ ಹ್ಯಾಟನ್ನು ಕೊಳವೆಯ ಮೇಲೆ ಕವುಚಿದ. ಗ್ಯಾಸ್ ಹೀರುವ ಕಂಪ್ರೆಸರಿನ ಕಡೆಯ ದಾರಿ ಮುಚ್ಚಿ ವಾಲ್ವು ತಿರುಗಿಸಿದ. ಆರ್ಡಿತ್ ಆಗಲೇ ಕಿವಿ ಮುಚ್ಚಿಕೊಂಡಿದ್ದಳು. ಸ್ವಲ್ಪ ಹೊತ್ತು ಕಾದು ಕೈ ಇಳಿಸಿದಳು.

"ವಾಲ್ವು ತೆಗಿ ಮತ್ತೆ."

"ಪೂರ್ತಿ ತೆಗೆದಿದೀನಿ."

ಹ್ಯಾಟು ಇಟ್ಟಲ್ಲೇ ಇತ್ತು. ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಯ ಪಕ್ಕ ಮಲಗಿತ್ತು.

"ಇದೊಂದೇ ಹೀಗಾ?"

"ನಾನು ನೋಡೋ ಅಷ್ಟೂ ಹೀಗೇ. ಮಿಷನ್ ಇಟ್ಟು ಹೀರಿದ್ರೆ ಬರುತ್ತೆ, ತಾನಾಗಿ ಬರಲ್ಲ."

"ಗ್ಯಾಸ್ ಸಾಲ್ತಿಲ್ಲ, ಬೆಲೆ ಇನ್ನೂ ಏರುತ್ತೆ ಅಂತ ಪೇಪರಲ್ಲಿ ಬರೀತಿದಾರಲ್ಲ?"

"ಸಾಲ್ತಿಲ್ಲ ಅಂದ್ರೆ ಎಲ್ಲಿ ಅಂದ್ಕೊಂಡೆ? ಇಲ್ಲೇ, ಆರ್ಡಿ. ಬೆಲೆ ಏರುತ್ತೆ, ಮಾರೋಕೆ ಗ್ಯಾಸ್ ಇರಲ್ಲ. ಆ ಚೆಕ್ಕು ಬಡ್ಡಿ ಅಲ್ಲ. ಅಸಲನ್ನೇ ಚೂರು ಚೂರು ಮಾಡಿ ಕಳಿಸ್ತಾರೆ, ನಾವು ಬಡ್ಡಿ ಅಂತ ತಿಂತೀವಿ."

ಆರ್ಡಿತ್ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡಳು. ಬದುಕಿಕೊಂಡೆ ಎನ್ನಿಸಿದ್ದು ಒಂದು ಕ್ಷಣ, ಆಮೇಲೆ ಸಿಟ್ಟು ಬಂತು.

"ಯಾವಾಗಿಂದ ಗೊತ್ತು ನಿಂಗೆ?"

"ಆರೇಳು ವರ್ಷ."

"ನಿಂದೆಷ್ಟಿದೆ ಅದ್ರಲ್ಲಿ?"

ಅವನು ಬಣ್ಣದ ಚಕ್ಕೆಯೊಂದನ್ನು ಉಗುರಿನಿಂದ ಕೆರೆದ. "ಎಲ್ಲಾ," ಎಂದ. ಹೆಂಡತಿಗೂ ಹೇಳಿರದ ಮಾತು ಅದು. ಹೇಳಿದ ಮೇಲೆ ಅವನಿಗೆ ನಾಚಿಕೆಯಾಯಿತು.

"ಈಗ ರೇಟು ಮೇಲಿದೆ. ಸೋಮವಾರ ಮಾರಿಬಿಡು. ನಿನ್ನ ಮಾತು ನಂಬಿ ಕೊಂಡ ಆ ಇಬ್ಬರಿಗೂ ಹೇಳು."

"ಮಾರ್ಬೇಕು," ಎಂದ, ಬಾವಿಯನ್ನೇ ನೋಡುತ್ತ.

ಆರ್ಡಿತ್ ಹ್ಯಾಟನ್ನು ಎತ್ತಿಕೊಂಡು ಧೂಳು ಕೊಡವಿ, ಪಿಕಪ್ಪಿನಲ್ಲಿ ಹೋಗಿ ಕುಳಿತಳು. ಬಾಗಿಲು ಮುಚ್ಚಿಕೊಂಡಳು. ಅಣ್ಣ ವಾಲ್ವು ಮುಚ್ಚಿ ಬರಲಿ ಎಂದು ಕಾದಳು.

ಅವನು ಮುಚ್ಚಲಿಲ್ಲ. ತನ್ನ ತಲೆಯ ಕ್ಯಾಪು ತೆಗೆದು ಮೆಲ್ಲನೆ ಕೊಳವೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತ. ಬಹಳ ಹೊತ್ತಿನ ಮೇಲೆ ಕ್ಯಾಪಿನ ಅಂಚು ಸ್ವಲ್ಪ ಅಲುಗಿತು. ಹಿಂದಿನ ಗೋಧಿ ಹೊಲವೂ ಅಲುಗಿತು. ಬಯಲಿನ ಎಂದಿನ ಗಾಳಿ ಶುರುವಾಗಿತ್ತು.