ತೊಲೆಯ ಹಗ್ಗ

"ನಮ್ಮನೇಲಿ ಇವತ್ತು ಇಬ್ಬರು ಹೆಂಗಸರಿಗೆ ಹೆರಿಗೆ ನೋವು ಕಣ್ರಪ್ಪಾ! ಒಬ್ಳು ಒಳಗವ್ಳೆ. ಇನ್ನೊಬ್ಳು ಇಗೋ, ಮೀಸೆ ಬಿಟ್ಕೊಂಡು ಬಾಗಿಲಲ್ಲಿ ನಿಂತವ್ಳೆ!"

ದೊಡ್ಡಪ್ಪ ಹಮ್ಮಾದಿ ನನ್ನತ್ತ ಕೈ ತೋರಿಸಿ ಹೇಳಿದ. ಎದುರಿನ ಮಸೀದಿ ಗೋಡೆಗೆ ಬೆನ್ನು ಕೊಟ್ಟು ಬಿಸಿಲು ಕಾಯುತ್ತಿದ್ದ ಗಂಡಸರೆಲ್ಲ ನಕ್ಕರು. ಮೂರು ವರ್ಷದ ಹಿಂದೆ ನನ್ನ ಅಕ್ಕ ಯಾಮ್ನಾಳ ಹೆರಿಗೆಯ ಕೂಗು ನಿಂತದ್ದನ್ನು ಇದೇ ಬಾಗಿಲಲ್ಲಿ ನಿಂತು ಕೇಳಿದವನು ನಾನು, ಅವರಲ್ಲ. ಅದೇ ಕೋಣೆ. ಅಂಗಾತ ಮಲಗಿಸಿ, ನಾಲ್ವರು ಹೆಂಗಸರು ಕೈಕಾಲು ಅದುಮಿ ಹಿಡಿದು, ಮುಕ್ಕು ಮುಕ್ಕು ಎಂದು ದಿನವಿಡೀ ಚೀರಿದ್ದರು. ಕೊನೆಗೆ ಅವರ ದನಿ ಮಾತ್ರ ಉಳಿಯಿತು.

ಈಗ ಒಳಗಿದ್ದವಳು ನನ್ನ ಹೆಂಡತಿ ತೂದಾ.

ಹಿಮ ಬಿದ್ದು ಪಟ್ಟಣದ ದಾರಿ ಮುಚ್ಚಿತ್ತು. ಹೇಸರಗತ್ತೆ ಹೊಡೆದುಕೊಂಡು ಹೋಗಿ ಮೇಲಿನ ಹಳ್ಳಿಯಿಂದ ಸೂಲಗಿತ್ತಿ ಇಜ್ಜಾ ಅಜ್ಜಿಯನ್ನು ಕರೆತಂದಿದ್ದೆ. ಈಕೆ ಯಾರನ್ನೂ ಮಲಗಿಸುವುದಿಲ್ಲ. ತೊಲೆಗೆ ಉಣ್ಣೆಯ ಹಗ್ಗ ಕಟ್ಟಿಸಿ, ಅದಕ್ಕೆ ಜೋತುಬಿದ್ದು ಕುಕ್ಕರುಗಾಲಲ್ಲಿ ಹೆರಲು ಬಿಡುತ್ತಾಳೆ. ಹಗ್ಗ ಕಟ್ಟಿದವನು ನಾನೇ. ಹೊರೆ ಬಿಗಿಯುವ ಗಟ್ಟಿ ಗಂಟು.

"ಬಾಸ್ಸೂ, ಗಂಟೆಲ್ಲ ಬಿಚ್ಚಿದ್ಯೇನೋ?" ದೊಡ್ಡಮ್ಮ ಮಾಳಿಗೆಯಿಂದ ಕೂಗಿದಳು. "ಮನೇಲಿ ಒಂದು ಗಂಟು ಉಳಿದ್ರೂ ಮಗು ಅಲ್ಲೇ ಸಿಕ್ಕಾಕೊಳ್ತದೆ!"

ಯಾಮ್ನಾಳ ಸಲ ಒಂದು ಚೀಲದ ಬಾಯಿ ಬಿಚ್ಚಿರಲಿಲ್ಲ ಎಂದು ಊರು ಇಂದಿಗೂ ಆಡಿಕೊಳ್ಳುತ್ತದೆ. ಆ ಚೀಲ ನನ್ನದು.

ಓಡಿದೆ. ಹೊರೆಯ ಹಗ್ಗ, ಬಾರ್ಲಿ ಚೀಲ, ನನ್ನ ನಡುಪಟ್ಟಿ, ಪೆಟ್ಟಿಗೆಯ ಬೀಗ. ಅಷ್ಟರಲ್ಲಿ ತೂದಾಳನ್ನು ಹಿತ್ತಿಲಿಗೆ ಕರೆದೊಯ್ದು ಅಡ್ಡಾಡಿಸುತ್ತಿದ್ದರು, ಕೋಣೆ ಖಾಲಿಯಿತ್ತು. ತಲೆ ಎತ್ತಿದರೆ ತೊಲೆಯಲ್ಲೊಂದು ಗಂಟು. ಹೆದರಿಕೆಗೆ ಬುದ್ಧಿ ಎಲ್ಲಿದೆ? ಅದನ್ನೂ ಬಿಚ್ಚಿ, ಹಗ್ಗವನ್ನು ಹಾಗೇ ತೊಲೆಯ ಮೇಲೆ ಬಿಟ್ಟು ಹೊರಗೆ ಬಂದೆ.

ಅವಳನ್ನು ಮತ್ತೆ ಒಳಗೆ ಕರೆತಂದ ಸ್ವಲ್ಪ ಹೊತ್ತಿಗೆ ದೊಪ್ಪೆಂದು ಸದ್ದು. ತೂದಾಳ ಒಂದು ಕೂಗು. ಆಮೇಲೆ ಮೌನ. ಅದೇ ಮೌನ.

ಬಾಗಿಲು ತಳ್ಳಿಕೊಂಡು ನುಗ್ಗಿದೆ. ತೂದಾ ನೆಲದ ಮೇಲಿದ್ದಳು, ಹಗ್ಗ ಅವಳ ಮೇಲೆ. ಬೆರಳು ಸೆಟೆದಿದ್ದವು. "ಉಸಿರು... ಸಿಕ್ತಿಲ್ಲ..." ಎಂದು ತೇಕುತ್ತಿದ್ದಳು. ಹೆಂಗಸರು ಆಗಲೇ ಚಾಪೆ ಎಳೆಯುತ್ತಿದ್ದರು, ಮಲಗಿಸಲು.

"ಗಂಟು ಬಿಚ್ಚಿದ ಕತ್ತೆ ಯಾವ್ದು?" ಎಂದಳು ಅಜ್ಜಿ.

"ನಾನೇ, ಅಜ್ಜಿ."

"ಹಂಗಾದ್ರೆ ಹಗ್ಗ ನೀನೇ ಆಗು. ಬಾ ಇಲ್ಲಿ."

"ಅಯ್ಯೋ, ಗಂಡಸು!" ಎಂದು ಹೆಂಗಸರು ಮುಖ ಮುಚ್ಚಿಕೊಂಡರು.

"ಗಂಡಸಲ್ಲ, ಕತ್ತೆ ಅಂದ್ನಲ್ಲೇ! ಚಾಪೆ ಎತ್ತಿ ಆಚೆಗೆಸೀರಿ." ಅಜ್ಜಿ ತೂದಾಳನ್ನು ಎಬ್ಬಿಸಿ ಅವಳ ತೋಳುಗಳನ್ನು ನನ್ನ ಕೊರಳಿಗೆ ಹಾಕಿದಳು. "ನೀನು ಬಾಯಿ ಬಿಡ್ಬೇಡ. ಮುಕ್ಕು ಅಂದ್ಯೋ, ಹಲ್ಲು ಉದುರಿಸ್ತೀನಿ. ಏರು ಹತ್ತೋವಾಗ ಹೆಂಗೆ ಉಸಿರು ಬಿಡ್ತೀಯ, ಹಂಗೆ ಬಿಡು. ಉದ್ದಕ್ಕೆ, ಅವಳಿಗೆ ಕೇಳೋ ಹಂಗೆ."

ನನಗೇ ಉಸಿರಿರಲಿಲ್ಲ. ಕಣಿವೆಯ ಏರನ್ನು ನೆನೆದುಕೊಂಡೆ. ಒಂದು ಉಸಿರು, ಇನ್ನೊಂದು. ಐದಾರರ ಮೇಲೆ ತೂದಾಳ ಉಸಿರು ನನ್ನದರ ಹಿಂದೆ ಎಡವುತ್ತ ಬಂತು, ಆಮೇಲೆ ಜತೆಗೆ ಬಂತು. ಅಜ್ಜಿ ಅವಳ ಸೊಂಟಕ್ಕೆ ಬಿಸಿ ಬಟ್ಟೆ ಒತ್ತಿ ಹೆಬ್ಬೆರಳಿನಿಂದ ಅದುಮುತ್ತಿದ್ದಳು. ನೋವು ಬಂದಾಗ ತೂದಾ ಮೈಭಾರವನ್ನೆಲ್ಲ ನನ್ನ ಕೊರಳಿಗೆ ಬಿಡುತ್ತಿದ್ದಳು. ಮುರಿದರೆ ಮುರಿಯಲಿ. ನೋವು ನಿಂತಾಗಲೇ ನನಗೆ ಭಯ. ಆ ಮೌನದಲ್ಲಿ ಅವಳ ಉಸಿರು ಕಿವಿಗೆ ತಾಕುವವರೆಗೆ ನಾನು ಸತ್ತು ಸತ್ತು ನಿಂತೆ.

"ಬಿಡ್ಬೇಡ," ಎಂದಳು ತೂದಾ ಒಮ್ಮೆ. ಅಷ್ಟೇ.

ಹೊಸ್ತಿಲ ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಮಗು ಅತ್ತಿತು. ಹೆಣ್ಣು. ಮಾಸು ಬಿತ್ತು. ತೂದಾ ಗಡಗಡ ನಡುಗತೊಡಗಿದಳು, ತುಟಿ ಬಿಳಿಚಿತ್ತು.

"ಒಲೆ ಆರ್ತಾ ಐತೆ. ಸೌದೆ ತಾ, ಬೇಗ," ಎಂದಳು ಅಜ್ಜಿ, ತೂದಾಳ ಹೊಟ್ಟೆಯಿಂದ ಕೈ ತೆಗೆಯದೆ. "ಇವಳು ಬೆಚ್ಚಗಾಗೋ ತನಕ ಗಂಡಾಂತರ ಕಳೀತು ಅಂತ ನಾನು ಹೇಳಲ್ಲ."

ಹೊರಗೆ ಬಂದೆ. ಕೊರಳಲ್ಲಿ ಅವಳ ಉಗುರಿನ ಗಾಯ ಉರಿಯುತ್ತಿತ್ತು. ಗೋಡೆಯ ಬುಡದಲ್ಲಿ ಅದೇ ಗಂಡಸರು.

"ಏನಮ್ಮಾ ಬಾಸ್ಸು," ದೊಡ್ಡಪ್ಪ ಕೂಗಿದ, "ಹಗುರ ಆದ್ಯಾ? ನಿಂಗೆ ಯಾವ ಮಗು?"

ಎಲ್ಲರೂ ನಕ್ಕರು. ನಾನು ಅವರ ಮುಂದೆಯೇ ಹಾದು ಸೌದೆ ರಾಶಿಯ ಕಡೆಗೆ ನಡೆದೆ.