ಜೊತೆಗಿದ್ದವರ ಮಂಚ

ಗಿರಿಜಾಬಾಯಿ, ಅಡಿಯಿಂದ ಎಳೆದ ಗಿಡ್ಡ ಮಂಚದ ಅಂಚಿಗೆ ಕೂತದ್ದೇ ತಡ, ರೋಗಿಯ ಮಂಚದ ಆಚೆ ಬದಿಯ ಕಾಲುಗಳು ನೆಲ ಬಿಟ್ಟು ಎದ್ದವು. ಹುಲಗೇಶ ಹಾರಿ ಹೋಗಿ ಒತ್ತಿ ಹಿಡಿದ. ಪುಣ್ಯಕ್ಕೆ ಮೇಲೆ ಯಾರೂ ಮಲಗಿರಲಿಲ್ಲ.

“ಅರೇ, ಪೇಷಂಟನ್ನೇ ಕೆಡವ್ತೀರೇನ್ರಿ ಮೇಡಂ?” ತಾರ್ನಾಕದ ಆ ಆಸ್ಪತ್ರೆಯ ಹಿರಿಯ ನರ್ಸ್ ಗಿರಿಜಾಬಾಯಿ ಸೀರೆ ಸರಿಮಾಡಿಕೊಂಡು ಎದ್ದರು. ವಾರ್ಡಿನಲ್ಲಿದ್ದವರು ನಕ್ಕರು. ವಿಶಾಲಾಕ್ಷಿ ನಗಲಿಲ್ಲ.

ನಾಚಾರಂನಲ್ಲಿ ಅವಳ ಕಾರ್ಖಾನೆ ಆಸ್ಪತ್ರೆಗಳಿಗೆ ಮಂಚ, ಟ್ರಾಲಿ ಮಾಡಿಕೊಡುತ್ತಿತ್ತು. ಮೊದಮೊದಲು ಎಲ್ಲ ನಕ್ಷೆಯೂ ಅವಳದೇ. ಒಂದು ಶೆಡ್ಡು ಇದ್ದದ್ದು ಮೂರಾದ ಮೇಲೆ, ಒಬ್ಬಳ ತಲೆ ಸಾಲದೆನ್ನಿಸಿ, “ನಿಮಗ ಹೊಳದದ್ದನ್ನೂ ಮಾಡಿ ತೋರಸ್ರಿ” ಎಂದು ಅವಳೇ ಎಲ್ಲರಿಗೂ ಹೇಳಿದ್ದಳು. ರೋಗಿಯ ಜೊತೆಗೆ ಬಂದವರು ನೆಲದ ಮೇಲೆ ಮಲಗುವುದನ್ನು ನೋಡಿ, ಮಂಚದ ಅಡಿಗೇ ಜೋಡಿಸಿದ, ಬೇಕಾದಾಗ ಎಳೆದುಕೊಳ್ಳುವ ಇನ್ನೊಂದು ಗಿಡ್ಡ ಮಂಚವನ್ನು ಯೋಚಿಸಿದವಳು ನಕ್ಷೆ ಬರೆಯುವ ಶೈಲಾ. ವೆಲ್ಡಿಂಗ್ ಮಾಡಿ ನಿಲ್ಲಿಸಿದವನು ಹುಲಗೇಶ.

ವಾಪಸು ಬರುವಾಗ ವ್ಯಾನಿನಲ್ಲಿ ವಿಶಾಲಾಕ್ಷಿ ಹಿಂದೆ ತಿರುಗದೆಯೇ ಹೇಳಿದಳು. “ಇನ್ಮ್ಯಾಲೆ ನನ್ನ ಕೇಳದ ಒಂದು ಬೋಲ್ಟೂ ಬದಲ್ ಮಾಡಬ್ಯಾಡ್ರಿ. ಎಲ್ಲಾರ ಮುಂದ ಮಾನ ಹೋತು.”

“ಆತ್ರಿ ಮೇಡಂ” ಎಂದ ಹುಲಗೇಶ. ಶೈಲಾ ಕಿಟಕಿಯ ಆಚೆ ನೋಡುತ್ತಿದ್ದಳು.

ಅವರು ಮಾತು ತಪ್ಪಲಿಲ್ಲ. ಯಾವ ಚಕ್ರ ಹಾಕಲಿ, ಪೈಪು ಎಲ್ಲಿ ಇಳಿಸಲಿ, ಎಲ್ಲದಕ್ಕೂ ಫೋನು. ಊಟದ ತುತ್ತು ಬಾಯಿಗಿಡುವ ಹೊತ್ತಿಗೆ ಫೋನು. ಸಂತೆಯಂತೆ ಗದ್ದಲವಿರುತ್ತಿದ್ದ ಸೋಮವಾರದ ಸಭೆಯಲ್ಲಿ ಈಗ “ನೀವು ಹೇಳಿದ್ಹಂಗ್ರಿ” ಎಂಬ ಒಂದೇ ಮಾತು. ಎಲ್ಲ ಹಿಡಿತಕ್ಕೆ ಬಂತೆಂದು ಅವಳಿಗೆ ಮೊದಲು ಸಮಾಧಾನವೇ ಆಯಿತು.

ಒಂದು ಮಧ್ಯಾಹ್ನ ಹುಲಗೇಶ ಟ್ರಾಲಿ ತಳ್ಳುತ್ತ ಬಂದು ನಿಂತ. “ಮೇಡಂ, ಈ ಹಿಡಿಕಿ ಒಂದೀಟು ಎತ್ತರ ಮಾಡಿದ್ರ...” ಎಂದವನು ಅಲ್ಲಿಗೇ ನಿಲ್ಲಿಸಿ, “ಬ್ಯಾಡ ಬಿಡ್ರಿ” ಎಂದ.

“ಏನು? ಹೇಳು.”

“ಏನಿಲ್ರಿ. ಹಳೇದ ಛೊಲೊ ಐತಿ.”

ಅವನು ಹೊರಟುಹೋದ. ಆ “ಬ್ಯಾಡ ಬಿಡ್ರಿ” ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಅವಳನ್ನು ಕಾಡಿತು.

ಮರುದಿನ ಅವಳು ಗುಜರಿ ರಾಶಿಯ ಹಿಂದಿದ್ದ ಆ ಮಂಚವನ್ನು ಶೆಡ್ಡಿನ ನಡುವೆ ತರಿಸಿ ಇಬ್ಬರನ್ನೂ ಕರೆದಳು.

“ಅವತ್ತು ವ್ಯಾನಿನ್ಯಾಗ ನಾ ಅಂದದ್ದು ತಪ್ಪು. ಇದು ನಿಮ್ಮದು. ಮಾಡೋದೋ ಬಿಡೋದೋ ನೀವ ನೋಡ್ರಿ.”

ಶೈಲಾಳ ಮುಖ ಸಡಿಲಾಗಲಿಲ್ಲ. “ಮತ್ತ ಬಿದ್ರ, ಮೇಡಂ?”

“ಬಿದ್ರ ಮುಂದ ನಿಂತು ನಾ ಬೈಸ್ಕೋತೀನಿ. ಅವತ್ತೂ ಅದನ್ನ ಮಾಡಬೇಕಿತ್ತು.”

ಆಮೇಲೆ ಹುಲಗೇಶ ಕುಕ್ಕರುಗಾಲಲ್ಲಿ ಕೂತು ಅಡಿಗೆ ಇಣುಕಿದ. ಶೈಲಾ ಏನೋ ಅಂದಳು, ಅವನು ಅಲ್ಲವೆಂದ, ಮಾತು ಏರಿತು. ದೊಡ್ಡ ಮಂಚದ ಅಡಿಗೆ ಭಾರದ ಪಟ್ಟಿ ಹಾಕಿದರೆ ಏಳುವುದಿಲ್ಲ ಎಂಬುದು ವಿಶಾಲಾಕ್ಷಿಯ ನಾಲಿಗೆಯ ತುದಿಗೆ ಬಂದಿತ್ತು. ಕೈಯಲ್ಲಿದ್ದ ಚಹಾದ ಜೊತೆ ಅದನ್ನು ನುಂಗಿಕೊಂಡಳು.

“ಎರಡನ್ನೂ ಯಾಕ ಕಟ್ಟಿಹಾಕೀವಿ?” ಶೈಲಾ ಥಟ್ಟನೆ ಕೇಳಿದಳು. “ಬಿಡಿಸಿಬಿಟ್ರ? ಅದರ ಕಾಲ ಮ್ಯಾಲ ಅದು ನಿಲ್ಲಲಿ.”

“ಮಡಚೋ ಕಾಲು ಹಚ್ಚೂಣು, ಹಂಗಾರ.” ಹುಲಗೇಶ ಟೇಪು ಎಳೆದ. “ಮೇಡಂ, ಒಂದೀಟು ಸರೀರಿ. ಬೆಳಕಿಗೆ ಅಡ್ಡ ಆಗಾಕತ್ತೀರಿ.”

ವಿಶಾಲಾಕ್ಷಿ ಸರಿದು ನಿಂತಳು. ತನ್ನ ಭಾರದ ಪಟ್ಟಿ ಹಾಕಿದ್ದರೆ ಆಯಾಗಳಿಗೆ ಆ ಮಂಚ ತಳ್ಳಲು ಆಗುತ್ತಿರಲಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು.

ಎರಡನೆಯ ಸಲ ಆಸ್ಪತ್ರೆಗೆ ಒಯ್ದಾಗ ಗಿರಿಜಾಬಾಯಿ ದೂರವೇ ನಿಂತರು. “ನಾ ಕೂಡಂಗಿಲ್ಲ. ಮೊದಲ ನೀವ ಕೂಡ್ರಿ.”

ವಿಶಾಲಾಕ್ಷಿ ಅಂಚಿಗೇ ಕೂತು, ಎದ್ದು, ಮತ್ತೆ ಧೊಪ್ಪನೆ ಕೂತಳು. ಮಂಚ ಅಲುಗಲಿಲ್ಲ. ಆಗ ಗಿರಿಜಾಬಾಯಿ, ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಅಂಬವ್ವನನ್ನು ಕರೆದರು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು. ಸಾರುವೆಯಿಂದ ಬಿದ್ದ ಗಂಡ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಪಕ್ಕದ ಮಂಚದಲ್ಲೇ ಮಲಗಿದ್ದ.

“ನಮ್ಮಂಥೋರು ಕೂತ್ರ ನಡೀತೈತೇನ್ರಿ?”

“ನಿಮ್ಮಂಥೋರಿಗೇ ಮಾಡೇವ್ರಿ” ಎಂದಳು ಶೈಲಾ.

ಅಂಬವ್ವ ಕೂತಳು, ಕೈಯಿಂದ ಒತ್ತಿ ನೋಡಿದಳು, ನಾಚುತ್ತ ಕಾಲು ಚಾಚಿದಳು. ಗಿರಿಜಾಬಾಯಿಯ ಪ್ರಶ್ನೆಗಳು ಶುರುವಾದವು. ತೊಳೆಯುವುದು ಹೇಗೆ, ಮಡಚಿ ಇಡುವುದು ಎಲ್ಲಿ, ಬೆರಳು ಸಿಕ್ಕರೆ? ಶೈಲಾ ಒಂದೊಂದಕ್ಕೂ ಉತ್ತರ ಕೊಟ್ಟಳು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದಳು. ವಿಶಾಲಾಕ್ಷಿ ಹಿಂದೆ ನಿಂತಿದ್ದಳು. ಕಡೆಗೆ ಗಿರಿಜಾಬಾಯಿ, “ಮೊದಲ ಈ ವಾರ್ಡಿಗೆ ಕಳಸ್ರಿ” ಎಂದು ಹೇಳಿ ಮುಂದೆ ಹೋದರು.

ಮಾದರಿಯ ಮಂಚವನ್ನು ವಾಪಸು ಒಯ್ಯಬೇಕಿತ್ತು. ಹುಲಗೇಶ ಮಡಚಲು ಬಗ್ಗಿದವನು ಹಾಗೆಯೇ ನೆಟ್ಟಗಾದ. ಅಂಬವ್ವನಿಗೆ ನಿದ್ದೆ ಹತ್ತಿತ್ತು. ಬಾಯಿ ತುಸು ತೆರೆದಿತ್ತು, ಒಂದು ಕೈ ಗಂಡನ ಮಂಚದ ಸರಳು ಹಿಡಿದಿತ್ತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಶಾಲಾಕ್ಷಿ ಬಾಗಿಲ ಆಚೆ ಹೋಗಿ, ಕಾಯಬೇಡ ಎಂದು ವ್ಯಾನಿನವನಿಗೆ ಫೋನು ಮಾಡಿದಳು. ತಿರುಗಿ ಬಂದಾಗ ಹುಲಗೇಶ, ಓಡಾಡುವ ದಾರಿಯಲ್ಲಿ ಬಿದ್ದಿದ್ದ ಅಂಬವ್ವನ ಚಪ್ಪಲಿಗಳನ್ನು ಎತ್ತಿ, ಸಪ್ಪಳವಾಗದಂತೆ ಮಂಚದ ಅಡಿಗೆ ಜೋಡಿಸಿಡುತ್ತಿದ್ದ.