ಪ್ರಾರ್ಥನೆಯಲ್ಲಿ ಬಂದ ಹೆಸರು

ಬುಧವಾರದ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ಕಷ್ಟ ತೋಡಿಕೊಳ್ಳುವುದು ಅಮೆರಿಕದ ಅಲಬಾಮ ರಾಜ್ಯದ ಆ ಕಪ್ಪು ಜನರ ಚರ್ಚಿನಲ್ಲಿ ಹಳೆಯ ರೂಢಿ. ಹೆಸರು ಹಿಡಿದು ಬೇಡಿದರೇನೇ ದೇವರ ಕಿವಿಗೆ ಬೀಳುವುದು ಎಂದು ಎಲ್ಲರ ನಂಬಿಕೆ. ಓಝೆಲಾ ಕೂಡ ಎದ್ದಳು. ಪೊಲೀಸರ ಕಾರು ಹತ್ತಿ ಹೋದ ಅವಳ ಮಗ ಟೆರೆಲ್ ಹೆಣವಾಗಿ ಮನೆಗೆ ಬಂದಿದ್ದ. ಶುಕ್ರವಾರ ನಗರಸಭೆಯ ಮೇಲೂ ಪೊಲೀಸರ ಮೇಲೂ ದಾವೆ ಹೂಡುವುದಿತ್ತು. ಅಲ್ಲಿಯವರೆಗೆ ಸಾಕ್ಷಿ ಯಾರೆಂದು ಬಾಯಿ ಬಿಡಬೇಡಿ ಎಂದು ವಕೀಲ ಪ್ರೂಯಿಟ್ ಬಡಕೊಂಡಿದ್ದ. ದೇವರ ಮುಂದೆ ಎಂಥ ಮುಚ್ಚುಮರೆ ಅಂದುಕೊಂಡಳು, ಪುಣ್ಯಾತ್ಗಿತ್ತಿ!

“ವರ್ಡೆಲಕ್ಕನ ಮೊಮ್ಮಗ ಕ್ವಿನ್ಸಿ, ಪೊಲೀಸರು ನನ್ನ ಮಗನ್ನ ಕಾರು ಹತ್ತಿಸಿದ್ದನ್ನ ಕಣ್ಣಾರೆ ಕಂಡಿದ್ದಾನೆ. ಅವನಿಗೆ ಧೈರ್ಯ ಕೊಡಪ್ಪಾ ತಂದೆ!”

“ಆಮೆನ್” ಎಂದಿತು ಇಡೀ ಚರ್ಚು. ಎಲ್ಲರಿಗಿಂತ ಜೋರಾಗಿ ಅಂದವನು ಚರ್ಚಿನ ಹಿರಿಯ ಲೂಥರ್. ಅವನ ಅಳಿಯ ಪೊಲೀಸ್ ಠಾಣೆಯಲ್ಲೇ ಇದ್ದಾನೆಂಬುದು ಓಝೆಲಾಗೆ ನೆನಪಾದದ್ದು ಮನೆ ಸೇರಿದ ಮೇಲೆ.

ಮರುದಿನ ಬೆಳಿಗ್ಗೆಯಿಂದ ವರ್ಡೆಲ್ ಮನೆಯೆದುರು ಪೊಲೀಸ್ ಕಾರು ನಿಂತಿತ್ತು. ಯಾರೂ ಇಳಿಯಲಿಲ್ಲ, ಏನೂ ಕೇಳಲಿಲ್ಲ. ಅಕ್ಕಪಕ್ಕದವರು ಜಗಲಿಯ ಕುರ್ಚಿಗಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡರು. ಸಂಜೆ ಕ್ವಿನ್ಸಿ ಕೆಲಸದಿಂದ ಬರುವಾಗ, ಅವನ ಕಾರಿನ ಹಿಂದಿನ ದೀಪ ಒಡೆದಿದೆ ಎಂಬ ನೆಪ ತೆಗೆದು ಎಲ್ಲರ ಕಣ್ಣೆದುರೇ ಎಳೆದೊಯ್ದರು.

ಶುಕ್ರವಾರ ಓಝೆಲಾ ದಾವೆಯ ಕಾಗದಕ್ಕೆ ಸಹಿ ಹಾಕಲು ಕೂತಿದ್ದಾಗ ವರ್ಡೆಲ್ ವಕೀಲನ ಕಚೇರಿಗೇ ನುಗ್ಗಿದಳು.

“ನಿನ್ನ ನಾಲಿಗೆಗೆ ಬೀಗ ಇಲ್ವೇನೇ? ದೇವರಿಗೆ ಹೇಳ್ತೀನಂತ ಊರಿಗೆಲ್ಲಾ ಡಂಗುರ ಹೊಡ್ದೆಯಲ್ಲೇ! ಕೇಸು ಬೇಡ ಅನ್ನು. ನನ್ನ ಹುಡುಗನ್ನ ಬಿಟ್ಟುಬಿಡ್ತಾರೆ.”

“ತಪ್ಪಾಯ್ತಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಆದ್ರೆ ಟೆರೆಲ್‌ನ ಕರ್ಕೊಂಡು ಹೋದಾಗ ನಾನೂ ಠಾಣೆಯೋರ ಮಾತು ನಂಬಿ ಬಾಯ್ಮುಚ್ಕೊಂಡು ಕೂತಿದ್ದೆ. ಏನಾಯ್ತು ನೋಡಿದ್ಯಲ್ಲ? ಹೆಸರು ಅವರಿಗೆ ಗೊತ್ತಾಗೋಯ್ತು. ಇನ್ನು ಜಡ್ಜಿಗೂ ಗೊತ್ತಾಗ್ಲಿ, ಪೇಪರಿನೋರಿಗೂ ಗೊತ್ತಾಗ್ಲಿ. ಆಗ ಮುಟ್ಟೋಕೆ ಹೆದರ್ತಾರೆ.”

ವರ್ಡೆಲ್ ಗೋಡೆಗೊರಗಿ ಬಹಳ ಹೊತ್ತು ಅತ್ತಳು. ಕೊನೆಗೆ, “ಹಾಕು. ನಿನ್ನ ನಂಬಿದೀನಿ ಕಣೇ,” ಎಂದಳು.

ಕ್ವಿನ್ಸಿಯನ್ನು ಹಿಡಿದೊಯ್ದದ್ದನ್ನೂ ಸೇರಿಸಿ ಪ್ರೂಯಿಟ್ ಕೋರ್ಟಿಗೆ ದಾವೆ ಸಲ್ಲಿಸಿದ. ಬಂದವನೇ ಇಬ್ಬರೂ ಕೇಳಿಸಿಕೊಳ್ಳಲೆಂದು ಸ್ಪೀಕರ್ ಹಾಕಿ ಠಾಣೆಗೆ ಫೋನು ಮಾಡಿದ.

“ಕ್ವಿನ್ಸಿನಾ?” ಎಂದಿತು ಆ ಕಡೆಯ ದನಿ, ಬಲು ಮರ್ಯಾದೆಯಿಂದ. “ಆ ಹೆಸರಿನೋರ್ನ ನಾವು ಕರ್ಕೊಂಡೇ ಬಂದಿಲ್ವಲ್ಲ, ಸಾರ್.”

ವರ್ಡೆಲ್ ದಿಕ್ಕು ತೋಚದೆ ಓಝೆಲಾಳ ಮುಖ ನೋಡಿದಳು. “ಏನೇ ಹಂಗಂದ್ರೆ?”

ಟೆರೆಲ್ ಹೆಣವಾಗುವ ಮುಂಚೆ ಓಝೆಲಾಗೂ ಅವರು ಇದೇ ಮಾತು ಹೇಳಿದ್ದರು.